ಅಟ್ಟದಿಂದ ಇಳಿದ ರೇಡಿಯೊ



ಕೆಲವು ವರ್ಷಗಳ ಹಿಂದಿನ ಮಾತು. ಮಳೆ ಬಿಟ್ಟು ಅಡಿಕೆ ಕೊಯ್ಲು ಇನ್ನೇನು ಶುರುವಾಗಬೇಕು ಅನ್ನುವ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ಒಬ್ಬ ಹಿರಿಯ ಹೆಂಗಸು ನನ್ನ ರಿಪೇರಿ ಅಂಗಡಿಗೆ ಬಂದರು. ಜೊತೆಯಲ್ಲಿ ಗೋಣಿತಾಟಿನಲ್ಲಿ ಸುತ್ತಿ ಸುತಳಿಯಿಂದ ಬಿಗಿದ ಒಂದು ಪೆಟ್ಟಿಗೆ. ಬಿಚ್ಚಿದರೆ ಐದು ವಾಲ್ವಿನ ಹಳೆಯ ರೇಡಿಯೊ. ಮರದ ಕವಚ ಒಲೆಯ ಹೊಗೆ ಹಿಡಿದು ಕಪ್ಪಾಗಿತ್ತು. ಸ್ಪೀಕರಿನ ಮುಂದಿನ ಬಟ್ಟೆಯನ್ನು ಒಂದು ಮೂಲೆಯಲ್ಲಿ ಇಲಿ ಕಡಿದಿತ್ತು. ಡಯಲ್ ಗಾಜಿನ ಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ. ದೆಹಲಿ, ಮದ್ರಾಸ್, ಸಿಲೋನ್ ಎಂಬ ಕೇಂದ್ರಗಳ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು.

“ಇದು ನಮ್ಮ ಅಪ್ಪಯ್ಯಂದು. ಮಾಡು ಬಿಚ್ಚಿಸುವಾಗ ಅಟ್ಟದ ಮೇಲೆ ಸಿಕ್ತು. ಮಗ ಗುಜರಿಗೆ ಹಾಕುವ ಅಂತಾನೆ. ಒಂದ್ಸಲ ಮಾತಾಡಿಸಿ ಕೊಡ್ತೀರಾ ಮಾರಾಯ್ರೆ?” ಅಂದರು.

ನಾನು ಮೊದಲು ಕೇಳಿದ್ದು ಒಂದೇ. “ಪ್ಲಗ್ ಹಾಕಿ ನೋಡಿದ್ರಾ ಅಮ್ಮಾ?”

“ಇಲ್ಲಪ್ಪ. ನಲವತ್ತು ವರ್ಷ ಆಯ್ತು ಅದು ಕರೆಂಟು ಕಾಣದೆ. ಹೆದರಿಕೆ ಆಯ್ತು.”

ಆ ಹೆದರಿಕೆಯಿಂದಲೇ ಆ ರೇಡಿಯೊ ಉಳಿಯಿತು. ಹೇಗೆ ಉಳಿಯಿತು ಅನ್ನುವುದನ್ನು ಹೇಳಬೇಕೆಂದೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ. ಅದಕ್ಕೂ ಮೊದಲು, ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಕೈಯಿಂದಲೇ ಹಾಳಾದ ಇನ್ನೊಂದು ರೇಡಿಯೊದ ವಿಷಯ ಹೇಳಲೇಬೇಕು.

ಆಗ ನನಗೆ ಇಪ್ಪತ್ತರ ವಯಸ್ಸು. ಊರಿನ ಹಿರಿಯರೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಸೆಟ್ಟು. ನೋಡಿ ಬಾ ಎಂದು ನನ್ನ ಗುರುಗಳು ಕಳಿಸಿದ್ದರು. ಧೂಳು ಒರೆಸಿ, ವೈರು ನೋಡಿ, ನೇರವಾಗಿ ಪ್ಲಗ್ ಹಾಕಿಬಿಟ್ಟೆ. ಅರ್ಧ ನಿಮಿಷದಲ್ಲಿ ವಾಲ್ವುಗಳು ಕೆಂಪಗೆ ಬೆಳಗಿದವು. ಸ್ಟೇಷನ್ ಸರಿಯಾಗಿ ಸಿಕ್ಕಿದ್ದನ್ನು ತೋರಿಸುವ ಮುಂಭಾಗದ ಹಸಿರು ಕಣ್ಣು ನಿಧಾನವಾಗಿ ತೆರೆದುಕೊಂಡಿತು. ಗುಂಯ್ ಎಂಬ ದಪ್ಪ ಮೊರೆತದ ಹಿಂದಿನಿಂದ ಯಾರದೋ ಹಾಡು ಕೇಳಿಸಿತು. ಮನೆಯವರೆಲ್ಲ ಸುತ್ತ ಸೇರಿದರು. ಹತ್ತು ನಿಮಿಷ ಕಳೆದಿರಬಹುದು, ಮೇಣ ಕರಗಿದಂಥ ವಾಸನೆ ಬಂತು, ಆಮೇಲೆ ಹೊಗೆ. ನಾನು ಪ್ಲಗ್ ಕೀಳುವಷ್ಟರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಆ ಟ್ರಾನ್ಸ್‌ಫಾರ್ಮರಿಗೆ ಹೊಂದುವ ಇನ್ನೊಂದು ನಮಗೆ ಸಿಗಲೇ ಇಲ್ಲ.

ಅದನ್ನು ಸುಟ್ಟದ್ದು ಏನು ಎಂದು ಗುರುಗಳು ಮಾರನೇ ದಿನ ತೋರಿಸಿದರು. ಬೆಳ್ಳುಳ್ಳಿಯ ಒಂದು ಎಸಳಿಗಿಂತ ಸ್ವಲ್ಪ ದೊಡ್ಡದು, ಮೇಣ ಮೆತ್ತಿದ ಕಾಗದದ ಕೊಳವೆ. ಒಂದು ಕಂಡೆನ್ಸರ್.

ಕಂಡೆನ್ಸರ್ ಅಂದರೂ ಒಂದೇ, ಕೆಪಾಸಿಟರ್ ಅಂದರೂ ಒಂದೇ. ಪುಸ್ತಕದಲ್ಲಿ ಧಾರಕ ಎಂದಿರುತ್ತದೆ. ಈ ವಸ್ತು ನಿಮಗೆ ಹೊಸದಲ್ಲ. ಮನೆಯ ಸೀಲಿಂಗ್ ಫ್ಯಾನು ನಿಧಾನವಾಗಿ ತಿರುಗತೊಡಗಿದಾಗ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸುವ 2.5 ಮೈಕ್ರೋಫ್ಯಾರಡಿನ ಬಿಳಿಯ ಡಬ್ಬಿ ಇದೇ. ತೋಟದ ಸಿಂಗಲ್ ಫೇಸ್ ಮೋಟಾರು ಗುರ್ ಎಂದು ನಿಂತಲ್ಲೇ ನಿಂತಾಗ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೊದಲು ನೋಡಬೇಕಾದದ್ದೂ ಇದನ್ನೇ. ಫ್ಯಾನು ನಿಧಾನವಾಯಿತು ಎಂದು ಯಾರೂ ಫ್ಯಾನನ್ನೇ ಬಿಸಾಡುವುದಿಲ್ಲ. ರೇಡಿಯೊ, ಆಂಪ್ಲಿಫಯರ್, ಟಿವಿ ಎಂದ ಕೂಡಲೇ ನಮಗೆ ಆ ವಿವೇಕ ಮರೆತುಹೋಗುತ್ತದೆ. ಒಳಗೆ ಕೆಟ್ಟುಹೋಗಿರುವುದು ಬಹಳ ಸಲ ಅದೇ ಜಾತಿಯ ಭಾಗ.

ಕಂಡೆನ್ಸರಿನ ರಚನೆ ಸರಳ. ಎರಡು ಲೋಹದ ಹಾಳೆ, ನಡುವೆ ವಿದ್ಯುತ್ ಹರಿಯಗೊಡದ ಒಂದು ಪದರ. 1745–46ರ ಹೊತ್ತಿಗೆ ಹಾಲೆಂಡಿನ ಲೇಡನ್ ನಗರದಲ್ಲಿ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಹಿಡಿದಿಟ್ಟ ಪ್ರಯೋಗ ನಡೆಯಿತು. ಇವತ್ತಿನ ಎಲ್ಲ ಕಂಡೆನ್ಸರುಗಳೂ ಆ ಜಾಡಿಯ ವಂಶದವು. ಎಷ್ಟು ಹಿಡಿಯುತ್ತದೆ ಎಂಬುದರ ಅಳತೆಗೆ ಮೈಕೇಲ್ ಫ್ಯಾರಡೆಯ ಹೆಸರಿನಿಂದ ಫ್ಯಾರಡ್ ಎಂದು ಕರೆದಿದ್ದಾರೆ. ಅದು ತೀರಾ ದೊಡ್ಡ ಅಳತೆಯಾದ್ದರಿಂದ ನಾವು ಬೆಂಚಿನ ಮೇಲೆ ಅದರ ಹತ್ತು ಲಕ್ಷದ ಒಂದು ಪಾಲಾದ ಮೈಕ್ರೋಫ್ಯಾರಡಿನಲ್ಲೇ ಲೆಕ್ಕ ಹಾಕುತ್ತೇವೆ.

ಹಳೆಯ ರೇಡಿಯೊದಲ್ಲಿ ಇವು ಮಾಡುವ ಕೆಲಸಗಳಲ್ಲಿ ಎರಡನ್ನು ಅರ್ಥ ಮಾಡಿಕೊಂಡರೆ ಸಾಕು.

ಮೊದಲನೆಯದು ಶೇಖರಣೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುತ್ತದೆ. ವಾಲ್ವುಗಳಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಸಮನಾಗಿ ಹರಿಯುವ 250 ವೋಲ್ಟಿನ ಆಸುಪಾಸಿನ ಡಿ.ಸಿ. ರೆಕ್ಟಿಫಯರ್ ವಾಲ್ವು ದಿಕ್ಕನ್ನೇನೋ ಒಂದು ಮಾಡಿಕೊಡುತ್ತದೆ. ಆದರೆ ಅದು ಕೊಡುವುದು ಸೆಕೆಂಡಿಗೆ 100 ಸಲದಂತೆ ಉಕ್ಕಿ ಉಕ್ಕಿ ಬರುವ ಪ್ರವಾಹ. ನಮ್ಮ ಕಡೆ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ತರುತ್ತೇವಲ್ಲ, ದಬ್ಬೆಯಿಂದ ನೀರು ಹೇಗೇ ಕುಕ್ಕಿ ಬಿದ್ದರೂ ಕೆಳಗಿನ ಕಲ್ಲುಬಾನಿಯ ತೂತಿನಿಂದ ಹೊರಡುವ ಧಾರೆ ಒಂದೇ ಸಮ ಇರುತ್ತದೆ. ಆ ಬಾನಿಯ ಜಾಗದಲ್ಲಿ ನಿಂತಿರುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರ್. ಬಾನಿ ಒಡೆದರೆ ಕುಕ್ಕುವ ನೀರೇ ನೇರವಾಗಿ ಬರುತ್ತದೆ. ಹಳೆಯ ರೇಡಿಯೊ ಗುಂಯ್ ಎಂದು ಮೊರೆಯುವುದು ಸೆಕೆಂಡಿಗೆ 100 ಸಲದ ಆ ಉಕ್ಕು ಸ್ಪೀಕರಿನವರೆಗೂ ತಲುಪಿದ್ದರಿಂದ.

ಈ ಬಾನಿ ಒಣಗುವುದು ಯಾಕೆ? ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನೊಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ ಇದೆ. ಆ ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ, ಅದೇ ಅದರ ತಡೆ. 350 ವೋಲ್ಟ್ ತಾಳುವ ಕಂಡೆನ್ಸರಿನಲ್ಲೂ ಆ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ದ್ರಾವಣದಲ್ಲಿ ನೆನೆದ ಕಾಗದ. ಆ ದ್ರಾವಣವೇ ಎರಡನೇ ಹಾಳೆಯ ಕೆಲಸ ಮಾಡುತ್ತದೆ, ಆಕ್ಸೈಡ್ ಪದರ ಎಲ್ಲಾದರೂ ಸವೆದರೆ ಕರೆಂಟಿನ ನೆರವಿನಿಂದ ಅದನ್ನು ಮತ್ತೆ ಕಟ್ಟುವುದೂ ಅದೇ. ಮುಚ್ಚಳದ ರಬ್ಬರು ಎಷ್ಟೇ ಬಿಗಿಯಾಗಿದ್ದರೂ ವರ್ಷಗಳು ಕಳೆದ ಹಾಗೆ ದ್ರಾವಣ ಆರುತ್ತದೆ. ಜೊತೆಗೆ ಸೆಟ್ಟು ಬಳಕೆಯಿಲ್ಲದೆ ಕೂತಿದ್ದರೆ ಪದರವೂ ದುರ್ಬಲವಾಗುತ್ತದೆ. ಅಂಥದ್ದಕ್ಕೆ ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳಗಿಂದೊಳಗೆ ಸೋರಿಕೆಯ ಕರೆಂಟು ಹರಿದು, ಬಿಸಿಯಾಗಿ, ಕೆಲವು ಸಲ ಸಿಡಿಯುತ್ತದೆ. ದಿನವೂ ಹಾಡುತ್ತಿದ್ದ ರೇಡಿಯೊಕ್ಕಿಂತ ಅಟ್ಟದಲ್ಲಿ ಸುಮ್ಮನೆ ಕೂತ ರೇಡಿಯೊ ಅಪಾಯದ್ದು ಅನ್ನುವುದು ಅದಕ್ಕೇ.

ಎರಡನೆಯ ಕೆಲಸ ಇನ್ನೂ ಸೂಕ್ಷ್ಮ. ಒಂದು ವಾಲ್ವು ಹಾಡನ್ನು ಸ್ವಲ್ಪ ದೊಡ್ಡದು ಮಾಡಿ ಮುಂದಿನ ವಾಲ್ವಿಗೆ ದಾಟಿಸಬೇಕು. ಹಾಡು ದಾಟಬೇಕು, ಮೊದಲ ವಾಲ್ವಿನ ತಲೆಯ ಮೇಲಿರುವ ಸುಮಾರು 100 ವೋಲ್ಟಿನ ಡಿ.ಸಿ. ದಾಟಬಾರದು. ಆ ಹೊಸ್ತಿಲಲ್ಲಿ ಕಾವಲು ನಿಂತಿರುವುದು ಕಪ್ಲಿಂಗ್ ಕಂಡೆನ್ಸರ್. ಆ ಕಾಲದಲ್ಲಿ ಇದನ್ನು ಮೇಣದ ಕಾಗದದಿಂದ ಮಾಡುತ್ತಿದ್ದರು. ಕಾಗದಕ್ಕೆ ಪಸೆ ಎಳೆದುಕೊಳ್ಳುವ ಗುಣ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಸಲು ಬರುವ ಊರು ಇದು. ಒಂದೊಂದು ಮಳೆಗಾಲಕ್ಕೂ ಕಾಗದ ಇಷ್ಟಿಷ್ಟೇ ತೇವ ಕುಡಿದು, ಕಾವಲುಗಾರ ಸೋರತೊಡಗುತ್ತಾನೆ.

ಸೋರಿಕೆ ದೊಡ್ಡದೇನೂ ಇರಬೇಕಾಗಿಲ್ಲ. ಆ ಕಂಡೆನ್ಸರಿನ ತಡೆ ಹತ್ತು ಮೆಗಓಮಿಗೆ ಇಳಿದರೂ ಸಾಕು, ಮುಂದಿರುವ, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್ ಮೇಲೆ ಆರು ಏಳು ವೋಲ್ಟ್ ಪಾಸಿಟಿವ್ ಬಂದು ಕೂರುತ್ತದೆ. ಅಲ್ಲಿ ಸೊನ್ನೆ ಇರಬೇಕು. ಗ್ರಿಡ್ ಅಂದರೆ ವಾಲ್ವಿನ ನಲ್ಲಿ. ಅದು ತೆರೆದುಕೊಂಡ ಮೇಲೆ ವಾಲ್ವು ತನ್ನ ಶಕ್ತಿ ಮೀರಿ ಕರೆಂಟು ಎಳೆಯುತ್ತದೆ. ಆ ಕರೆಂಟೆಲ್ಲ ಹಾದುಹೋಗುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯಲ್ಲಿ. ಅದು ಎಷ್ಟು ಹೊತ್ತು ತಡೆದೀತು? ನಾನು ಅಂದು ಪ್ಲಗ್ ಹಾಕಿದ ಮನೆಯಲ್ಲಿ ನಡೆದದ್ದು ಇಷ್ಟೇ. ರೇಡಿಯೊ ಹಾಡುತ್ತಿತ್ತು, ನಾವು ಕೇಳುತ್ತಿದ್ದೆವು, ಒಳಗೆ ಅದು ಸಾಯುತ್ತಿತ್ತು.

ಈಗ ತೀರ್ಥಹಳ್ಳಿಯ ಅಮ್ಮನ ರೇಡಿಯೊಕ್ಕೆ ಬರೋಣ.

ಹಿಂಬದಿಯ ರಟ್ಟಿನ ಮುಚ್ಚಳ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಅಂಚೆ ಕಚೇರಿಯ ರೇಡಿಯೊ ಲೈಸೆನ್ಸ್ ಪುಸ್ತಕ. ರೇಡಿಯೊ ಇಟ್ಟುಕೊಳ್ಳಲು ವರ್ಷವರ್ಷ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿದ್ದ ಕಾಲದ್ದು. ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಅಪ್ಪಯ್ಯನ ಹೆಸರಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತರು. ಮುಚ್ಚಳದ ಒಳಮೈಗೆ ಸರ್ಕ್ಯೂಟ್ ನಕ್ಷೆ ಅಂಟಿಸಿತ್ತು, ಅರ್ಧ ಗೆದ್ದಲು ತಿಂದಿತ್ತು, ಮುಖ್ಯ ಭಾಗ ಉಳಿದಿತ್ತು. ಔಟ್‌ಪುಟ್ ವಾಲ್ವು ತೆಗೆದು ಒರೆಸಿದರೆ ಗಾಜಿನ ಮೇಲೆ ಮಸುಕಾಗಿ ‘ಬಿಇಎಲ್’ ಎಂಬ ಅಕ್ಷರ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ತಯಾರಿಸುತ್ತಿದ್ದ ಇಎಲ್84. ಟೆಸ್ಟರಿಗೆ ಹಾಕಿ ನೋಡಿದೆ, ಇನ್ನೂ ಗಟ್ಟಿಯಾಗಿತ್ತು. ಗಾಜು, ನಿರ್ವಾತ, ಅದರೊಳಗಿನ ಕೂದಲಿನಂಥ ತಂತಿ, ಇವೆಲ್ಲ ನಲವತ್ತು ವರ್ಷ ಅಟ್ಟದಲ್ಲಿ ಕೂತು ಬಂದಿದ್ದವು. ವಾಲ್ವು ಹೋಯಿತು ಎಂದು ಸುಮ್ಮನೆ ಹೇಳಿಬಿಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬಹಳ ದಿನದಿಂದ ಇದೆ. ಬಹಳ ಸಲ ಅದು ತಪ್ಪು.

ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚಾಸಿಯನ್ನು ಹೊರಗೆ ತೆಗೆದು ಬೋರಲು ಹಾಕಿದೆ. ಕೆಳಗಡೆ ಮೇಣದ ಕಂಡೆನ್ಸರುಗಳು ಎಂಟು. ಮೇಣ ಕರಗಿ, ಇಳಿದು, ಧೂಳು ಮೆತ್ತಿ, ಉರಿದು ಉಳಿದ ಮೇಣದಬತ್ತಿಯ ತುಂಡುಗಳ ಹಾಗೆ ಕಾಣುತ್ತಿದ್ದವು. ಚಾಸಿಯ ಮೇಲೆ ನಿಂತ ಅಲ್ಯೂಮಿನಿಯಂ ಡಬ್ಬಿ 50 ಮತ್ತು 50 ಮೈಕ್ರೋಫ್ಯಾರಡಿನದು, 350 ವೋಲ್ಟಿನದು. ಬುಡದಲ್ಲಿ ದ್ರಾವಣ ಒಸರಿ ಒಣಗಿದ ಬಿಳಿಯ ಹಿಟ್ಟು. ಮೀಟರಿಗೆ ಹಿಡಿದರೆ ಒಂದು ಭಾಗ 11, ಇನ್ನೊಂದು 8.

ಇಲ್ಲಿ ನನ್ನ ಪದ್ಧತಿ ಹೇಳುತ್ತೇನೆ. ಬೇರೆಯವರ ಪದ್ಧತಿ ಬೇರೆ ಇರಬಹುದು. ಎಲೆಕ್ಟ್ರೊಲಿಟಿಕ್ ಮತ್ತು ಕಾಗದದ ಕಂಡೆನ್ಸರುಗಳನ್ನು ನಾನು ಒಂದೊಂದಾಗಿ ಪರೀಕ್ಷೆ ಮಾಡಿ ಆರಿಸುತ್ತ ಕೂರುವುದಿಲ್ಲ, ಎಲ್ಲವನ್ನೂ ಬದಲಾಯಿಸುತ್ತೇನೆ. ಇವತ್ತು ಚೆನ್ನಾಗಿದೆ ಎಂದು ಬಿಟ್ಟದ್ದು ಮುಂದಿನ ಮಳೆಗಾಲಕ್ಕೆ ಸೋರುತ್ತದೆ. ಅಭ್ರಕದ, ಅಂದರೆ ಮೈಕಾ ಕಂಡೆನ್ಸರುಗಳನ್ನೂ ಸಿರಾಮಿಕ್ ಬಿಲ್ಲೆಗಳನ್ನೂ ಕೆಟ್ಟಿರುವುದು ಖಚಿತವಾಗದೆ ಮುಟ್ಟುವುದಿಲ್ಲ. ಅವು ಸಾಮಾನ್ಯವಾಗಿ ಕೆಡುವುದಿಲ್ಲ, ಮುಟ್ಟಿದರೆ ಟ್ಯೂನಿಂಗ್ ಅಲುಗುತ್ತದೆ. ಇನ್ನು ಗ್ಯಾಂಗ್ ಕಂಡೆನ್ಸರ್ ಇದೆಯಲ್ಲ, ನೀವು ಸ್ಟೇಷನ್ ಹುಡುಕಲು ಗುಂಡಿ ತಿರುಗಿಸಿದಾಗ ಒಂದರೊಳಗೊಂದು ಸರಿಯುವ ಲೋಹದ ರೆಕ್ಕೆಗಳು, ಅದೂ ಕಂಡೆನ್ಸರೇ. ಅದರ ಹಾಳೆಗಳ ನಡುವೆ ಇರುವುದು ಬರೀ ಗಾಳಿ. ಗಾಳಿ ಒಣಗುವುದಿಲ್ಲ, ಪಸೆ ಕುಡಿದು ಕೊಳೆಯುವುದಿಲ್ಲ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದರೆ ಅದು ಹೊಸದರಂತೆಯೇ.

ಹೊಸ ಭಾಗ ತರಲು ಹೊರಟಾಗ ಒಂದು ತೊಡಕು ಬರುತ್ತದೆ. ಹಳೆಯ ನಕ್ಷೆಗಳಲ್ಲಿ 8, 16, 32, 50 ಎಂಬ ಅಳತೆಗಳು. ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಕೊಡುವುದು 10, 22, 33, 47. ಗಾಬರಿ ಬೇಡ. 8ರ ಜಾಗಕ್ಕೆ 10, 16ಕ್ಕೆ 22, 32ಕ್ಕೆ 33, 50ಕ್ಕೆ 47 ನಡೆಯುತ್ತದೆ. 0.05 ಎಂದಿದ್ದರೆ 0.047 ಹಾಕಿ. ಆದರೆ ಹೆಚ್ಚಾದಷ್ಟೂ ಒಳ್ಳೆಯದು ಎಂದು 50ರ ಜಾಗಕ್ಕೆ 220 ಹಾಕಬೇಡಿ. ಸ್ವಿಚ್ ಹಾಕಿದ ಪ್ರತಿ ಸಲವೂ ಆ ದೊಡ್ಡ ಬಾನಿಯನ್ನು ತುಂಬಿಸಬೇಕಾದದ್ದು ಪಾಪ ರೆಕ್ಟಿಫಯರ್ ವಾಲ್ವು. ಇಜೆಡ್80 ಎಂಬ ರೆಕ್ಟಿಫಯರ್ ವಾಲ್ವಿಗೆ ತಯಾರಕರು ಕೊಟ್ಟಿರುವ ಮಿತಿಯೇ 50 ಮೈಕ್ರೋಫ್ಯಾರಡ್. ವೋಲ್ಟೇಜ್ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಕೂಡದು. ನಾನು 350ರ ಜಾಗಕ್ಕೆ 450 ವೋಲ್ಟಿನದನ್ನೇ ಹಾಕುತ್ತೇನೆ, ಮೇಣದ ಕಾಗದದ ಜಾಗಕ್ಕೆ 630 ವೋಲ್ಟಿನ ಪಾಲಿಯೆಸ್ಟರ್. ಅಂಗಡಿಯ ಮೂಲೆಯ ಡಬ್ಬಿಯಿಂದ ‘ಹಳೇ ಕಾಲದ ಒರಿಜಿನಲ್, ಬಳಸಿಯೇ ಇಲ್ಲ’ ಎಂದು ಕಾಗದದ ಕಂಡೆನ್ಸರ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಡಬ್ಬಿಯಲ್ಲಿ ಕೂತ ಕಾಗದವೂ ಅಷ್ಟೇ ವರ್ಷದ ಪಸೆ ಕುಡಿದಿರುತ್ತದೆ.

ಕೆಲಸ ಶುರುಮಾಡುವ ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಲಕ್ಷ್ಯಕೊಟ್ಟು ಕೇಳಿ. ಪ್ಲಗ್ ಕಿತ್ತ ಮೇಲೂ ಒಳ್ಳೆಯ ಕಂಡೆನ್ಸರ್ 300 ವೋಲ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಅದು ಜೀವ ತೆಗೆಯಬಲ್ಲದು. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡುವುದನ್ನು ನೋಡಿರುತ್ತೀರಿ, ಹಾಗೆ ಮಾಡಬಾರದು. ಹತ್ತು ಸಾವಿರ ಓಮಿನ, ಐದು ವ್ಯಾಟಿನ ರೆಸಿಸ್ಟರಿನ ಎರಡು ತುದಿಗೆ ಇನ್ಸುಲೇಷನ್ ಇರುವ ವೈರು ಬೆಸೆದು, ಅದರಿಂದ ನಿಧಾನವಾಗಿ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಇನ್ನೊಂದು ಜಾತಿಯ ಸೆಟ್ಟುಗಳಿವೆ, ಎ.ಸಿ.ಗೂ ನಡೆಯುತ್ತವೆ, ಡಿ.ಸಿ.ಗೂ ನಡೆಯುತ್ತವೆ, ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ಚಾಸಿ ಕರೆಂಟಿನ ಒಂದು ತಂತಿಗೆ ನೇರ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಇಡೀ ಚಾಸಿಯೇ ಫೇಸ್. ಕೆಲಸ ಗೊತ್ತಿಲ್ಲದವರು ಅಂಥ ಸೆಟ್ಟು ಬಿಚ್ಚಲೇಬಾರದು.

ಬೆಸುಗೆಯ ಕೆಲಸ ನನಗೆ ಇವತ್ತಿಗೂ ಇಷ್ಟ. ಹಳೆಯ ಕಾಲದವರು ಕಂಡೆನ್ಸರಿನ ಕಾಲನ್ನು ಟ್ಯಾಗಿಗೆ ಎರಡು ಸುತ್ತು ಸುತ್ತಿ ಆಮೇಲೆ ಲೆಡ್ ಬಿಡುತ್ತಿದ್ದರು. ಅದನ್ನು ಎಳೆದು ಬಿಡಿಸಲು ಹೋದರೆ ಟ್ಯಾಗೇ ಮುರಿಯುತ್ತದೆ. ಐರನ್ನಿನ ತುದಿ ಇಟ್ಟು, ಲೆಡ್ ಕನ್ನಡಿಯಂತೆ ಹೊಳೆಯುವವರೆಗೆ ಕಾದು, ಪಂಪಿನಿಂದ ಎಳೆದು, ಚಿಮಟದಲ್ಲಿ ಸುತ್ತನ್ನು ಒಂದೊಂದೇ ಬಿಚ್ಚಬೇಕು. ಹಾಗೆ ಬಿಚ್ಚುವಾಗ ಆ ಸೆಟ್ಟನ್ನು ಕಟ್ಟಿದವರ ಕೈ ಹೇಗಿತ್ತು ಅನ್ನುವುದು ತಿಳಿಯುತ್ತದೆ. ಒಂದು ತೆಗೆದೆ, ಅದರ ಜಾಗಕ್ಕೆ ಒಂದು ಹಾಕಿದೆ, ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ಆಮೇಲೆ ಜೋಡಿಸುವ ಆತುರ ಮಾಡಿದರೆ ತಪ್ಪು ಎಲ್ಲಿ ಆಯಿತೆಂದು ಹುಡುಕಲು ಎರಡು ದಿನ ಬೇಕು. ಎಲೆಕ್ಟ್ರೊಲಿಟಿಕ್ಕಿಗೆ ಪ್ಲಸ್ಸು ಮೈನಸ್ಸು ಇದೆ, ತಿರುವುಮುರುವಾದರೆ ಸಿಡಿಯುತ್ತದೆ. ಬೆಸೆಯುವ ಮೊದಲೊಮ್ಮೆ, ಬೆಸೆದ ಮೇಲೊಮ್ಮೆ ನೋಡುತ್ತೇನೆ.

ಅಲ್ಯೂಮಿನಿಯಂ ಡಬ್ಬಿಯನ್ನು ಮಾತ್ರ ಕೀಳಲಿಲ್ಲ. ವೈರುಗಳನ್ನು ಬಿಡಿಸಿ, ಡಬ್ಬಿಯನ್ನು ಅದರ ಜಾಗದಲ್ಲೇ ಬಿಟ್ಟು, ಹೊಸದನ್ನು ಚಾಸಿಯ ಅಡಿಯಲ್ಲಿ ಸೇರಿಸಿದೆ. ಮೇಲಿನಿಂದ ನೋಡಿದರೆ ರೇಡಿಯೊ ಅಪ್ಪಯ್ಯನ ಕಾಲದಲ್ಲಿ ಇದ್ದ ಹಾಗೇ ಕಾಣಬೇಕು.

ಕೊನೆಗೆ ಕರೆಂಟು. ಸೀರೀಸ್ ಲ್ಯಾಂಪಿನ ಮೂಲಕ ಕೊಟ್ಟೆ. ಅಂದರೆ 100 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ದಾರಿಯಲ್ಲಿಟ್ಟು ಅದರ ಮೂಲಕವೇ ರೇಡಿಯೊಕ್ಕೆ ಕರೆಂಟು ಹೋಗುವಂತೆ ಮಾಡುವುದು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೊ ಸುಡುವುದಿಲ್ಲ. ಇದಕ್ಕೆ ಎಲ್ಇಡಿ ಬಲ್ಬು ಆಗುವುದಿಲ್ಲ. ಫಿಲಮೆಂಟಿನ ಬಲ್ಬು ಎಲ್ಲಾದರೂ ಸಿಕ್ಕರೆ ಒಂದೆರಡು ಎತ್ತಿಟ್ಟುಕೊಳ್ಳಿ. ಬಲ್ಬು ಒಮ್ಮೆ ಜೋರಾಗಿ ಹೊತ್ತಿ ಮಂಕಾಯಿತು. ಅದು ಒಳ್ಳೆಯ ಲಕ್ಷಣ. ಇಎಲ್84ರ ಗ್ರಿಡ್ಡಿಗೆ ಮೀಟರ್ ಹಿಡಿದೆ. ಸೊನ್ನೆ. ಆಮೇಲೆ ನೇರ ಕರೆಂಟು ಕೊಟ್ಟೆ. ಹಸಿರು ಕಣ್ಣು ತೆರೆಯಿತು. ಮೊರೆತ ಇಲ್ಲ. ಅಮ್ಮನಿಗೆ ಫೋನ್ ಮಾಡಿ, ನಾಳೆ ಬನ್ನಿ, ನೀವೇ ಬಂದು ಗುಂಡಿ ತಿರುಗಿಸಿ ಎಂದೆ.

ಮರುದಿನ ಮಗನನ್ನೂ ಕರೆದುಕೊಂಡು ಬಂದರು. ಮುಳ್ಳು ನಿಧಾನವಾಗಿ ಸರಿಯುತ್ತ ಭದ್ರಾವತಿ ಕೇಂದ್ರದ 675 ಕಿಲೋಹರ್ಟ್ಸ್ ಬಳಿ, ಹಳೆಯ ಡಯಲಿನ ಲೆಕ್ಕದಲ್ಲಿ 444 ಮೀಟರಿನ ಬಳಿ ಬಂದಾಗ ಹಸಿರು ಕಣ್ಣಿನ ರೆಕ್ಕೆಗಳು ಹತ್ತಿರವಾದವು. ಒಂದು ಹೆಣ್ಣುದನಿ ಕೃಷಿಯ ಮಾತಾಡುತ್ತಿತ್ತು. “ಇದೇ ನೋಡು, ಇದೇ ಶಬ್ದ. ಅಪ್ಪಯ್ಯ ಊಟಕ್ಕೆ ಕೂರುವಾಗ ಜಗಲಿಯಿಂದ ಹೀಗೇ ಕೇಳ್ತಿತ್ತು,” ಎಂದು ಅವರು ಮಗನ ಭುಜ ಹಿಡಿದರು. ಗುಜರಿಯ ಮಾತಾಡಿದ್ದ ಆ ಹುಡುಗ ಬಗ್ಗಿ ರೇಡಿಯೊದ ಹಿಂಬದಿಯಲ್ಲಿ ಬೆಳಗುತ್ತಿದ್ದ ವಾಲ್ವುಗಳನ್ನು ನೋಡುತ್ತಲೇ ಇದ್ದ. ಬಿಡಿಭಾಗಗಳಿಗೆ ಆದ ಖರ್ಚು ಐನೂರು ರೂಪಾಯಿಯೊಳಗೆ.

ಕೇಳುಗರೇ, ಇದು ಬರೀ ವಾಲ್ವ್ ರೇಡಿಯೊದ ಮಾತಲ್ಲ. 2000ದ ಆಸುಪಾಸಿನಿಂದ ಕೆಲವು ವರ್ಷ ಜಗತ್ತಿನಾದ್ಯಂತ ಕಂಪ್ಯೂಟರಿನ ಮದರ್‌ಬೋರ್ಡುಗಳು ಅವಧಿಗೆ ಮೊದಲೇ ಕೆಟ್ಟವು. ಕಾರಣ, ತೈವಾನಿನಲ್ಲಿ ತಯಾರಾದ ಹಲವು ಕಂಡೆನ್ಸರುಗಳ ದ್ರಾವಣವೇ ಸರಿ ಇರಲಿಲ್ಲ; ಒಳಗೆ ಅನಿಲ ಹುಟ್ಟಿ ಹೊಟ್ಟೆ ಉಬ್ಬುತ್ತಿತ್ತು. ಆಗ ನನ್ನ ಬೆಂಚಿನ ಮೇಲೂ ಅಂಥ ಬೋರ್ಡುಗಳ ರಾಶಿ ಇತ್ತು. ಇವತ್ತಿನ ಟಿವಿ, ಸೆಟ್‌ಟಾಪ್ ಬಾಕ್ಸು, ವೈಫೈ ಪೆಟ್ಟಿಗೆಯ ಅಡಾಪ್ಟರು, ಇವುಗಳ ಪವರ್ ಸಪ್ಲೈ ಕೆಟ್ಟಾಗ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ತಲೆ. ಅದರ ಮೇಲೆ ಅಡ್ಡ ಗೀರು ಹಾಕಿರುತ್ತಾರೆ, ಒತ್ತಡ ಹೆಚ್ಚಿದರೆ ಅಲ್ಲಿಂದ ಬಿರಿಯಲಿ ಎಂದು. ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ ಅದರ ಕಥೆ ಮುಗಿದಿದೆ.

ಅವುಗಳ ಆಯುಷ್ಯದ ಲೆಕ್ಕವೂ ಕಷ್ಟದ್ದಲ್ಲ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಬಿಸಿ ಹತ್ತು ಡಿಗ್ರಿ ಇಳಿದರೆ ಆಯುಷ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ದಿನಕ್ಕೆ ಮೂರು ಗಂಟೆ ಹಾಕುವ ರೇಡಿಯೊದಲ್ಲಿ ಅದು 29 ವರ್ಷವಾಯಿತು. ಹಗಲು ರಾತ್ರಿ ಪ್ಲಗ್ಗಿನಲ್ಲೇ ಬಿಟ್ಟ ಅಡಾಪ್ಟರಿನಲ್ಲಿ ನಾಲ್ಕು ವರ್ಷವೂ ಬಾರದು. ಬಳಸದಿದ್ದಾಗ ಸ್ವಿಚ್ ಆರಿಸಿ, ಟಿವಿಯ ಹಿಂದೆ ಗಾಳಿ ಆಡಲು ಜಾಗ ಬಿಡಿ, ಸೆಟ್‌ಟಾಪ್ ಬಾಕ್ಸಿನ ಮೇಲೆ ಕಸೂತಿಯ ಬಟ್ಟೆ ಹೊದಿಸಬೇಡಿ.

ಕಸುಬು ಕಲಿಯುವ ಹುಡುಗ ಹುಡುಗಿಯರಿಗೆ ಒಂದು ಮಾತು. ಈಗ ಬೋರ್ಡನ್ನೇ ಬದಲಿಸುವ ಕಾಲ, ನಿಜ. ಆದರೆ ಬೋರ್ಡು ಬದಲಿಸುವವನಿಗೆ ಅಂಗಡಿಯಲ್ಲಿ ಬೋರ್ಡು ಸಿಗುವ ತನಕ ಮಾತ್ರ ಕೆಲಸ. ಒಂದು ಮಲ್ಟಿಮೀಟರು, ಒಂದು ಒಳ್ಳೆಯ ಸೋಲ್ಡರಿಂಗ್ ಐರನ್, ಸಾಧ್ಯವಾದರೆ ಕಂಡೆನ್ಸರಿನ ಒಳತಡೆ ಅಳೆಯುವ ಒಂದು ಇಎಸ್ಆರ್ ಮೀಟರು, ಇಷ್ಟಿದ್ದರೆ ಕಲಿಯಲು ಸಾಕು. ಮೊದಲು ಕೆಟ್ಟ ಅಡಾಪ್ಟರುಗಳನ್ನು ಕರೆಂಟು ಕೊಡದೆ ಬಿಚ್ಚಿ ಅಭ್ಯಾಸ ಮಾಡಿ. ವಾಲ್ವ್ ಸೆಟ್ಟಿಗೆ ಕೈಹಾಕುವ ಮೊದಲು ಹಳಬರೊಬ್ಬರ ಪಕ್ಕದಲ್ಲಿ ಆರು ತಿಂಗಳಾದರೂ ಕೂರಿ. ಆ ಹಳಬರು ಈಗ ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರಿಗೂ ವಯಸ್ಸಾಗುತ್ತಿದೆ.

ಕೊನೆಗೆ ಮತ್ತೆ ಅಟ್ಟದ ರೇಡಿಯೊಗಳ ಮಾತಿಗೆ ಬರುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಪ್ರೇಷಕ ಇಟ್ಟುಕೊಂಡು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಶುರುಮಾಡಿದರು. ಅಂದಿನಿಂದ ಎಷ್ಟು ಮನೆಗಳ ಜಗಲಿಯಲ್ಲಿ ಎಷ್ಟು ರೇಡಿಯೊ ಕನ್ನಡ ಮಾತಾಡಿರಬೇಕು. ಅವುಗಳಲ್ಲಿ ಕೆಲವಾದರೂ ಇವತ್ತು ನಿಮ್ಮ ಅಟ್ಟದಲ್ಲಿ, ದಾಸ್ತಾನು ಕೋಣೆಯಲ್ಲಿ, ಮಂಚದ ಕೆಳಗೆ ಇವೆ.

ಅಂಥದ್ದೊಂದು ನಿಮ್ಮಲ್ಲಿದ್ದರೆ ದಯವಿಟ್ಟು ಮೂರು ಕೆಲಸ ಮಾಡಬೇಡಿ. ಕುತೂಹಲಕ್ಕೆ ಪ್ಲಗ್ ಹಾಕಬೇಡಿ. ಹಿಂದಿನ ಮುಚ್ಚಳಕ್ಕೆ ಅಂಟಿಸಿದ ನಕ್ಷೆಯನ್ನು ಕಸವೆಂದು ಹರಿಯಬೇಡಿ. ಕೆಲಸ ಬಲ್ಲವರೊಬ್ಬರಿಗೆ ಬಿಚ್ಚಿ ತೋರಿಸುವ ತನಕ ಗುಜರಿಯವನಿಗೆ ಕೊಡಬೇಡಿ.